ಅಮೆರಿಕದ ಕಾಲೇಜ್ ಸ್ಪೋರ್ಟ್ಸ್ ಸ್ಕಾಲರ್‌ಶಿಪ್: ಸೈನ್ ಹಾಕೋ ಮುಂಚೆ ಓದಿನ ಲೆಕ್ಕ ನೋಡ್ಕೊಳ್ಳೋದು ಹೇಗೆ

ಮಗನಿಗೋ ಮಗಳಿಗೋ ಅಮೆರಿಕದ ಕಾಲೇಜಿಂದ ಸ್ವಿಮ್ಮಿಂಗ್‌ಗೋ ಟೆನಿಸ್‌ಗೋ ಆಫರ್ ಬಂತು ಅಂದ ತಕ್ಷಣ ಎಲ್ಲರ ಕಣ್ಣೂ ಡಾಲರ್ ಮೇಲೆ ಹೋಗುತ್ತೆ, ಅದು ಸಹಜ. ಆದ್ರೆ ಮೊದಲು ಒಂದು ವಿಷಯ ತಿಳ್ಕೊಳ್ಳಿ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಹೌಸ್ ಸೆಟಲ್‌ಮೆಂಟ್ (ಆಟಗಾರರು ಹಾಕಿದ್ದ ಕೇಸಿನ ರಾಜಿ ಒಪ್ಪಂದ) ಪ್ರಕಾರ, ಅದನ್ನ ಒಪ್ಪಿಕೊಂಡ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, 2025-26ಕ್ಕೆ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ, ಅದರಲ್ಲಿ ಬಹುಪಾಲು ಹೋಗೋದು ಅಮೆರಿಕನ್ ಫುಟ್‌ಬಾಲ್‌ಗೆ, ಆಮೇಲೆ ಹುಡುಗರ ಬ್ಯಾಸ್ಕೆಟ್‌ಬಾಲ್‌ಗೆ. ಮಿಕ್ಕ ಆಟಗಳ ಮಕ್ಕಳಿಗೆ ಈಗಲೂ ನಿಜವಾದ ಸಂಬಳ ಅಂದ್ರೆ ಡಿಗ್ರಿನೇ. ಹಾಗಾಗಿ ಆ ಡಿಗ್ರಿ ಎಷ್ಟು ಗಟ್ಟಿ ಅಂತ ನೋಡದೆ ಆಫರ್ ನ್ಯಾಯವಾಗಿದೆಯೋ ಇಲ್ವೋ ಹೇಳಕ್ಕಾಗಲ್ಲ.

ಅರ್ಹತೆ ವಿಷಯ ಬೇಗ ಮುಗಿಸ್ತೀನಿ. ಅಮೆರಿಕದ ಕಾಲೇಜ್ ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎ ಕಾಲೇಜುಗಳನ್ನ ಮೂರು ಡಿವಿಷನ್ ಮಾಡಿದೆ, 1 ಅತಿ ಮೇಲಿನದು. ಡಿವಿಷನ್ 1ಕ್ಕೆ ಹೈಸ್ಕೂಲಲ್ಲಿ 16 ಕೋರ್ ಕೋರ್ಸ್ (ಗಣಿತ, ವಿಜ್ಞಾನ, ಇಂಗ್ಲಿಷ್ ತರದ ಮುಖ್ಯ ವಿಷಯ) ಮತ್ತು ಅವುಗಳಲ್ಲಿ 2.3 ಜಿಪಿಎ (4ಕ್ಕೆ ಲೆಕ್ಕ ಹಾಕಿದ ಗ್ರೇಡ್ ಸರಾಸರಿ) ಬೇಕು, ಡಿವಿಷನ್ 2ಕ್ಕೆ 2.2. ಎಸ್‌ಎಟಿ (ಕಾಲೇಜ್ ಪ್ರವೇಶ ಪರೀಕ್ಷೆ) ಅಂಕ ಅರ್ಹತೆಗೆ ಬೇಕು ಅನ್ನೋ ನಿಯಮವನ್ನ 2023ರಲ್ಲೇ ತೆಗೆದ್ರು, ಆದ್ರೆ ಅಡ್ಮಿಷನ್‌ಗೆ ಕಾಲೇಜ್ ಕೇಳಬಹುದು. ಡಿವಿಷನ್ 3 ಮತ್ತು ಐವಿ ಲೀಗ್‌ನಲ್ಲಿ (ಹಾರ್ವರ್ಡ್, ಯೇಲ್ ತರದ ಎಂಟು ಯೂನಿವರ್ಸಿಟಿ) ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ, ಅಲ್ಲಿಂದ ಯಾರಾದ್ರೂ ಹಾಗಂತ ಮಾತು ಕೊಟ್ರೆ ಎಚ್ಚರವಾಗಿರಿ.

ಈಗ ಮುಖ್ಯವಾದದ್ದು. ಡಿವಿಷನ್ 1ರಲ್ಲಿ 40-60-80 ಅಂತ ಒಂದು ನಿಯಮ ಇದೆ, ಎರಡನೇ ವರ್ಷ ಮುಗಿಯೋ ಹೊತ್ತಿಗೆ ಡಿಗ್ರಿಯ 40 ಪರ್ಸೆಂಟ್ ಆಗಿರ್ಬೇಕು, ಮೂರಕ್ಕೆ 60, ನಾಲ್ಕಕ್ಕೆ 80, ಇಲ್ಲಾಂದ್ರೆ ಆಡೋ ಹಾಗಿಲ್ಲ. ಕೇಳೋಕೆ ಒಳ್ಳೇದೇ ಅನ್ಸುತ್ತೆ, ಮಕ್ಕಳು ಓದ್ಲಿ ಅಂತಾನೇ ಮಾಡಿದ್ದು, ಆದ್ರೆ ಆಗೋದೇನು ಅಂದ್ರೆ ಎರಡನೇ ವರ್ಷದಲ್ಲಿ ಹುಡುಗಿಗೆ ಬಯಾಲಜಿ ಕಡೆ ಮನಸ್ಸು ಹೋಯ್ತು ಅಂದ್ಕೊಳ್ಳಿ, ಹಳೇ ಕ್ರೆಡಿಟ್‌ಗಳು ಹೊಸ ಮೇಜರ್‌ಗೆ, ಅಂದ್ರೆ ಡಿಗ್ರಿಯ ಮುಖ್ಯ ವಿಷಯಕ್ಕೆ, ಲೆಕ್ಕಕ್ಕೆ ಬರಲ್ಲ, ಪರ್ಸೆಂಟ್ ಬಿದ್ದೋಗುತ್ತೆ, ಆಡಕ್ಕಾಗಲ್ಲ, ಆಗ ಅಡ್ವೈಸರ್ ಮೆಲ್ಲಗೆ ‘ಇದ್ದ ಮೇಜರ್‌ನಲ್ಲೇ ಮುಗಿಸಿಬಿಡಮ್ಮ’ ಅಂತಾರೆ. ಬೇರೆ ವಿದ್ಯಾರ್ಥಿಗೆ ಮನಸ್ಸು ಬದಲಾಯಿಸೋ ಸ್ವಾತಂತ್ರ್ಯ ಇದೆ, ಆಡೋ ಮಗುವಿಗೆ ಅಷ್ಟಿಲ್ಲ. ನನ್ನ ಪ್ರಕಾರ ಇದು ದುಡ್ಡಿನ ಅನ್ಯಾಯಕ್ಕಿಂತ ದೊಡ್ಡದು.

ಅದಕ್ಕೆ ಕೋಚ್‌ನ ‘ಓದಿಗೆ ಸಪೋರ್ಟ್ ಇದೆಯಾ’ ಅಂತ ಕೇಳ್ಬೇಡಿ, ಎಲ್ರೂ ಇದೆ ಅಂತಾನೇ ಹೇಳೋದು. ಹೀಗೆ ಕೇಳಿ: ಈ ಟೀಮಲ್ಲಿ ಈಗ ಯಾರ್ಯಾರು ಯಾವ ಮೇಜರ್ ಮಾಡ್ತಿದ್ದಾರೆ, ಕಳೆದ ವರ್ಷ ಮುಗಿಸಿದವರು ಯಾವುದರಲ್ಲಿ ಮುಗಿಸಿದ್ರು, ನಿಮ್ಮ ಮಗು ಬಯಸೋ ಮೇಜರ್‌ನ ಲ್ಯಾಬ್ ಟೈಮೂ ಪ್ರಾಕ್ಟೀಸ್ ಟೈಮೂ ಒಂದರ ಮೇಲೊಂದು ಬರುತ್ತಾ. ಅರ್ಧ ಟೀಮ್ ಒಂದೇ ಮೇಜರ್‌ನಲ್ಲಿದ್ರೆ ಯಾಕೆ ಅಂತ ಕೇಳಿ. ಆಮೇಲೆ ಸ್ಪೋರ್ಟ್ಸ್ ಡಿಪಾರ್ಟ್‌ಮೆಂಟ್ ಅಡ್ವೈಸರ್ ಬಿಟ್ಟು ನೇರವಾಗಿ ಆ ವಿಭಾಗದ ಅಡ್ವೈಸರ್‌ಗೆ ಮೇಲ್ ಮಾಡಿ, ಮೂರನೇ ನಾಲ್ಕನೇ ವರ್ಷದ ಆಟಗಾರರ ಜೊತೆ ಕೋಚ್ ಇಲ್ಲದೆ ಮಾತಾಡ್ಸಿ. ಇದು ಅತಿಯಾಯ್ತು ಅನ್ಸಿದ್ರೆ ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿದು ನೆನಪಿಟ್ಕೊಳ್ಳಿ, 1993ರಿಂದ 2011ರವರೆಗೆ ಪಾಠಾನೇ ನಡೀದ ಹೆಸರಿಗಷ್ಟೇ ಕ್ಲಾಸುಗಳಲ್ಲಿ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಗ್ರೇಡ್ ತಗೊಂಡ್ರು, ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಆಟಗಾರರು. 2017ರಲ್ಲಿ ಎನ್‌ಸಿಎಎ ಆ ಕ್ಲಾಸುಗಳ ವಿಷಯಕ್ಕೆ ಯೂನಿವರ್ಸಿಟಿಗೆ ಶಿಕ್ಷೆ ಕೊಡಲಿಲ್ಲ, ಬೇರೆ ವಿದ್ಯಾರ್ಥಿಗಳಿಗೂ ಅವು ತೆರೆದಿದ್ವು ಅನ್ನೋದು ಕಾರಣ.

ಟೈಮ್ ಲೆಕ್ಕಾನೂ ನೀವೇ ಹಾಕಿ. ಸೀಸನ್‌ನಲ್ಲಿ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ಅನ್ನೋದು ನಿಯಮ, ಆದ್ರೆ ಮ್ಯಾಚ್ ದಿನ ಎಷ್ಟೇ ಹೊತ್ತಾದ್ರೂ 3 ಗಂಟೆ ಅಂತಾನೇ ಬರ್ಕೊಳ್ತಾರೆ, ಪ್ರಯಾಣ ಲೆಕ್ಕಕ್ಕೇ ಇಲ್ಲ. ಹೋದ ಸೀಸನ್‌ನ ಶೆಡ್ಯೂಲ್ ವೆಬ್‌ಸೈಟಲ್ಲಿ ಸಿಗುತ್ತೆ, ತೆಗೆದು ವಾರದ ಮಧ್ಯೆ ಎಷ್ಟು ದಿನ ಬೇರೆ ಊರಲ್ಲಿದ್ರು ಅಂತ ಎಣಿಸಿ.

ಇನ್ನು ಕಾಗದ. 2024ರ ಅಕ್ಟೋಬರ್‌ನಲ್ಲಿ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ (ಈ ಕಾಲೇಜಿಗೇ ಸೇರ್ತೀನಿ ಅಂತ ಆಟಗಾರರು ಸೈನ್ ಹಾಕ್ತಿದ್ದ ಪತ್ರ) ರದ್ದಾಯ್ತು, ಈಗ ಸೈನ್ ಹಾಕೋದು ಕಾಲೇಜಿನ ಫೈನಾನ್ಷಿಯಲ್ ಏಡ್ ಅಗ್ರಿಮೆಂಟ್‌ಗೆ. ಒಂದು ವರ್ಷದ್ದಾ ನಾಲ್ಕು ವರ್ಷದ್ದಾ ನೋಡಿ. ಗಾಯ ಆದ್ರೆ, ಕೋಚ್ ಬದಲಾದ್ರೆ, ರೋಸ್ಟರ್‌ನಿಂದ, ಅಂದ್ರೆ ಟೀಮ್ ಪಟ್ಟಿಯಿಂದ, ಹೆಸರು ಹೋದ್ರೆ ಏನಾಗುತ್ತೆ ಅಂತ ಬರಹದಲ್ಲಿ ಕೇಳಿ, ಯಾಕಂದ್ರೆ ಸೆಟಲ್‌ಮೆಂಟ್ ಒಪ್ಪಿಕೊಂಡ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ ರೋಸ್ಟರ್ ಮಿತಿ ಬಂದಿದೆ. ಮುಂದಿನ ವರ್ಷದ ಏಡ್ ಕಡಿಮೆ ಮಾಡಿದ್ರೆ ಅಥವಾ ನಿಲ್ಲಿಸಿದ್ರೆ ಅಪೀಲ್ ಹಾಕೋ ಹಕ್ಕಿದೆ, ವಿಚಾರಣೆ ಮಾಡೋರು ಸ್ಪೋರ್ಟ್ಸ್ ಡಿಪಾರ್ಟ್‌ಮೆಂಟಿನವರಾಗಿರಬಾರದು. ಆಲ್‌ಸ್ಟನ್ ಅವಾರ್ಡ್ ಕೊಡ್ತೀರಾ ಅಂತಾನೂ ಕೇಳಿ: 2021ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓದಿನ ಸಾಧನೆಗೆ ವರ್ಷಕ್ಕೆ 5,980 ಡಾಲರ್ ತನಕ ಕೊಡಬಹುದು, ಕೊಡಲೇಬೇಕು ಅಂತೇನಿಲ್ಲ, ಕೇಳದಿದ್ರೆ ಯಾರೂ ಹೇಳಲ್ಲ.

ಸ್ಪಾನ್ಸರ್ ಡೀಲ್, ಅಂದ್ರೆ ಎನ್‌ಐಎಲ್‌ಗೆ (ಆಟಗಾರರು ತಮ್ಮ ಹೆಸರು, ಮುಖ ಬಳಸೋಕೆ ಬಿಟ್ಟು ದುಡ್ಡು ತಗೊಳ್ಳೋದು) ಎನ್‌ಸಿಎಎ 2021ರ ಜುಲೈಯಿಂದ ಅವಕಾಶ ಕೊಟ್ಟಿದೆ. ಡಿವಿಷನ್ 1ರಲ್ಲಿ ಹೊರಗಿನವರ ಜೊತೆ 600 ಡಾಲರ್ ಅಥವಾ ಹೆಚ್ಚಿನ ಡೀಲ್ ಆದ್ರೆ ರಿಪೋರ್ಟ್ ಮಾಡ್ಬೇಕು, ಅದಕ್ಕೆ ಟ್ಯಾಕ್ಸೂ ಉಂಟು. ಸ್ಕಾಲರ್‌ಶಿಪ್‌ನಲ್ಲಿ ಊಟ ಹಾಸ್ಟೆಲ್ ಭಾಗಕ್ಕೂ ಟ್ಯಾಕ್ಸ್ ಬೀಳುತ್ತೆ, ಫೀಸ್ ಪುಸ್ತಕದ ಭಾಗಕ್ಕಿಲ್ಲ. ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ ಹೋಗಿರೋ ಮಕ್ಕಳು ಮಾತ್ರ ಅಮೆರಿಕದಲ್ಲಿದ್ದು ಜಾಹೀರಾತು ಮಾಡಿ ದುಡ್ಡು ತಗೊಂಡ್ರೆ ಅನುಮತಿ ಇಲ್ಲದ ಕೆಲಸ ಅಂತ ಆಗಿ ವೀಸಾಗೇ ಕುತ್ತು ಬರಬಹುದು. ಅದೇ ಟೀಮು, ಅದೇ ಬೆವರು, ಪಕ್ಕದವನಿಗೆ ಸಿಗೋದು ಇವನಿಗಿಲ್ಲ, ನೋಡಿದ್ರೆ ಹೊಟ್ಟೆ ಉರಿಯುತ್ತೆ, ಆದ್ರೂ ಇಮಿಗ್ರೇಷನ್ ಲಾಯರ್‌ನ ಕೇಳದೆ ಒಂದು ಪುಟ್ಟ ಇನ್‌ಸ್ಟಾಗ್ರಾಮ್ ಡೀಲಿಗೂ ಹೂಂ ಅನ್ಬೇಡಿ.

ಎರಡೇ ದಿನದಲ್ಲಿ ಹೇಳಿ ಅಂತ ಕೋಚ್ ಅವಸರ ಮಾಡಿದ್ರೆ, ಫೋನಲ್ಲಿ ಆಡಿದ ಮಾತನ್ನೆಲ್ಲ ಒಂದು ಮೇಲ್‌ನಲ್ಲಿ ಬರೆದು ‘ನಾವು ಹೀಗೆ ಅರ್ಥ ಮಾಡ್ಕೊಂಡಿದ್ದೀವಿ, ಸರಿ ತಾನೇ’ ಅಂತ ಕಳಿಸಿ, ಉತ್ತರ ಬಂದ ಮೇಲೆ ಅದನ್ನ ಅಗ್ರಿಮೆಂಟ್ ಜೊತೆ ಸಾಲು ಸಾಲಾಗಿ ಹೋಲಿಸಿ ನೋಡಿ, ಅಲ್ಲಿ ಇಲ್ಲದ್ದನ್ನ ಸೇರಿಸೋಕೆ ಹೇಳಿ, ಅಲ್ಲಿವರೆಗೆ ಪೆನ್ನು ಮುಟ್ಟಬೇಡಿ.