ಬ್ಲೂಬೆಲ್ ನೋಡಲು ಯಾವ ವಾರ ಹೋಗಬೇಕು?

ಇಂಗ್ಲೆಂಡಿನ ಬೀಚ್ (beech) ಮರಗಳ ಕಾಡುಗಳಿಗೆ, ನೆಲದಲ್ಲಿ ಅರಳುವ ನೀಲಿ ಬ್ಲೂಬೆಲ್ ಹೂ ನೋಡಲು ಹೋಗುವವರು ಕ್ಯಾಲೆಂಡರಿಗಿಂತ ಬೀಚ್ ಮರದ ಚಿಗುರನ್ನು ನಂಬುವುದು ಮೇಲು: ಅಂಚಿನಲ್ಲಿ ನವಿರಾದ ಕೂದಲಿರುವ ತಿಳಿಹಸಿರು ಎಲೆಗಳು ಆಗಷ್ಟೇ ಬಿಚ್ಚಿಕೊಂಡು, ಅವುಗಳ ನಡುವೆ ಇನ್ನೂ ಆಕಾಶ ಕಾಣುತ್ತಿರುವಾಗಲೇ ಹೊರಡಬೇಕು. ದಕ್ಷಿಣ ಭಾಗದಲ್ಲಿ ಇದು ಸಾಮಾನ್ಯವಾಗಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಸಮಯ. ಮರಗಳ ಎಲೆ ದಟ್ಟವಾಗಿ ನೆಲಕ್ಕೆ ಬೆಳಕು ತಪ್ಪುವ ಮೊದಲೇ ಬ್ಲೂಬೆಲ್ ಎಂಬ ಈ ಗೆಡ್ಡೆಗಿಡ ಹೂ ಬಿಟ್ಟು ಮುಗಿಸಿಕೊಳ್ಳುತ್ತದೆ. ತಡವಾಗಿ ಚಿಗುರುವ ಆಶ್ ಮರಗಳ ಕಾಡಿನಲ್ಲಿ ಈ ಲೆಕ್ಕ ಹೊಂದುವುದಿಲ್ಲ. ಮನೆಯ ಬೇಲಿಗೆ ಬೆಳೆಸಿ ಕತ್ತರಿಸಿದ ಬೀಚನ್ನು ನೋಡಿಯೂ ನಿರ್ಧರಿಸಬಾರದು. ಫೋಟೊಗೆ ಮೋಡ ಕವಿದ ಬೆಳಗೇ ಒಳ್ಳೆಯದು, ಬಿಸಿಲಿಗೆ ನೀಲಿ ಬಣ್ಣ ಪೇಲವವಾಗುತ್ತದೆ. ಆದರೆ ದಯವಿಟ್ಟು ಕಾಲುದಾರಿ ಬಿಟ್ಟಿಳಿಯಬೇಡಿ: ತುಳಿದ ಎಲೆಗಳು ಗೆಡ್ಡೆಗೆ ಆಹಾರ ಕೂಡಿಡಲಾರವು, ಆ ಜಾಗ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.