ಬ್ರೌಸರ್ ಬದಲಿಸುವ ಮುನ್ನ ಬುಕ್‌ಮಾರ್ಕ್, ಪಾಸ್‌ವರ್ಡ್ ಕೈಗೆ ತೆಗೆದುಕೊಳ್ಳಿ

ಯಾವ ಬ್ರೌಸರ್ ಒಳ್ಳೆಯದು ಎಂದು ಹುಡುಕುವ ಮೊದಲು, ಈಗ ಬಳಸುತ್ತಿರುವುದಕ್ಕೆ ಇನ್ನೂ ಅಪ್‌ಡೇಟ್ ಬರುತ್ತಿದೆಯೇ ನೋಡಿಕೊಳ್ಳಿ. ಕ್ರೋಮ್‌ನಲ್ಲಿ ಬಲಗಡೆ ಮೇಲಿನ ಮೂರು ಚುಕ್ಕಿ ಒತ್ತಿ, ಹೆಲ್ಪ್‌ಗೆ ಹೋಗಿ, ಅಬೌಟ್ ಗೂಗಲ್ ಕ್ರೋಮ್ ತೆರೆಯಿರಿ. ಹೊಸ ಆವೃತ್ತಿ ಇದ್ದರೆ ಅಲ್ಲೇ ಇಳಿಯುತ್ತದೆ. ರೀಲಾಂಚ್ ಒತ್ತಿದರೆ ಮುಗಿಯಿತು. ವಿಂಡೋಸ್ 7 ಅಥವಾ 8.1 ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು 109ನೇ ಆವೃತ್ತಿಯಲ್ಲೇ ನಿಂತಿರುತ್ತದೆ. 2023ರಿಂದ ಆಚೆಗೆ ಆ ವಿಂಡೋಸ್‌ಗಳಿಗೆ ಹೊಸ ಕ್ರೋಮ್ ಇಲ್ಲ. ಫೈರ್‌ಫಾಕ್ಸ್ ಕೂಡ ಅಲ್ಲಿ 115ರ ಇಎಸ್‌ಆರ್ (ಹೆಚ್ಚು ಕಾಲ ಬೆಂಬಲ ಸಿಗುವ) ಆವೃತ್ತಿಗೇ ಕೊನೆ. ಇಂಥ ಯಂತ್ರದಲ್ಲಿ ಬ್ಯಾಂಕ್ ಕೆಲಸ ಮಾಡಲೇಬೇಡಿ. ಬ್ರೌಸರ್ ಬದಲಿಸುವುದರಿಂದ ಅದರ ತೊಂದರೆ ತೀರುವುದಿಲ್ಲ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಆಯ್ಕೆಯ ವಿಷಯಕ್ಕೆ ಬಂದರೆ, ಹೆಸರು ಹತ್ತಿದ್ದರೂ ಪುಟವನ್ನು ತೆರೆಯ ಮೇಲೆ ಮೂಡಿಸುವ ಒಳಗಿನ ಮುಖ್ಯ ಎಂಜಿನ್ ಇರುವುದು ಮೂರೇ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ ಎಲ್ಲವೂ ಕ್ರೋಮಿಯಂ ಎಂಬ ಒಂದೇ ತಳಹದಿಯ ಮೇಲೆ ಕಟ್ಟಿದವು. ಫೈರ್‌ಫಾಕ್ಸ್‌ನದು ಬೇರೆ, ಸಫಾರಿಯದು ಬೇರೆ. ನಮ್ಮಲ್ಲಿ ಸಿಗುವ ಐಫೋನಿಗೆ ಕ್ರೋಮ್ ಹಾಕಿಕೊಂಡರೂ ಪುಟ ತೋರಿಸುವ ಎಂಜಿನ್ ಸಫಾರಿಯದೇ. ಹಾಗಾಗಿ ಒಂದು ಸೈಟ್ ಕ್ರೋಮ್‌ನಲ್ಲಿ ಕೈಕೊಟ್ಟಾಗ ಎಡ್ಜ್‌ನಲ್ಲಿ ನೋಡಿದರೆ ಬಹುತೇಕ ಅದೇ ಫಲ. ಫೈರ್‌ಫಾಕ್ಸ್‌ನಲ್ಲಿ ನೋಡಿದರೆ ತಪ್ಪು ಸೈಟಿನದೋ ಬ್ರೌಸರಿನದೋ ಗೊತ್ತಾಗುತ್ತದೆ. ನಮ್ಮ ಸಲಹೆ ಇಷ್ಟೇ: ಕ್ರೋಮಿಯಂ ಜಾತಿಯದು ಒಂದು, ಫೈರ್‌ಫಾಕ್ಸ್ ಒಂದು, ಎರಡೂ ಇರಲಿ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಪೂರ್ತಿ ಬಲದಲ್ಲಿ ಬೇಕಿದ್ದರೆ ಫೈರ್‌ಫಾಕ್ಸೇ ಸರಿ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಕಿರುತಂತ್ರಾಂಶ) ನಿಯಮ ಬದಲಿಸಿದ ಮೇಲೆ ಅಲ್ಲಿ ಉಳಿದದ್ದು ಅದರ ಲೈಟ್ ರೂಪ ಮಾತ್ರ. ಕಣ್ಣು ಮಂಜಾದ ಹಿರಿಯರು ಮನೆಯಲ್ಲಿದ್ದರೆ ಎಡ್ಜ್ ನೋಡಿ. ಕನ್ನಡ ಪುಟ ತೆರೆದು ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿದರೆ ಓದಿ ಹೇಳುತ್ತದೆ. ವಾಯ್ಸ್ ಆಪ್ಶನ್ಸ್‌ನಲ್ಲಿ ಕನ್ನಡದ ಸಪ್ನಾ, ಗಗನ್ ಎಂಬ ಎರಡು ದನಿಗಳಿವೆ. ಇಂಟರ್ನೆಟ್ ಇರಬೇಕು.

ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನೇ ಕೇಳುವ ಕಚೇರಿ ಸೈಟುಗಳಿಗೂ ಎಡ್ಜೇ ದಾರಿ. ಸೆಟ್ಟಿಂಗ್ಸ್‌ನ ಡೀಫಾಲ್ಟ್ ಬ್ರೌಸರ್ ಭಾಗದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್‌ಗೆ ಅಲೌ ಕೊಟ್ಟು, ಎಡ್ಜ್ ಮುಚ್ಚಿ ತೆರೆದು, ಆ ಪುಟದ ವಿಳಾಸ ಸೇರಿಸಿ. ಸೇರಿಸಿದ ವಿಳಾಸ 30 ದಿನಕ್ಕೆ ಬಿದ್ದುಹೋಗುತ್ತದೆ. "ಹೋದ ತಿಂಗಳು ಆಗುತ್ತಿತ್ತು, ಈಗ ಆಗುತ್ತಿಲ್ಲ" ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ. ಮತ್ತೆ ಸೇರಿಸಿದರೆ ಸರಿಹೋಗುತ್ತದೆ.

ಇನ್ನು ಸ್ಥಳಾಂತರ. ಜನ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಮಾಡಿ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಓ ಒತ್ತಿದರೆ ಬುಕ್‌ಮಾರ್ಕ್ ಮ್ಯಾನೇಜರ್ ಬರುತ್ತದೆ. ಅದರ ಮೂರು ಚುಕ್ಕಿಯಲ್ಲಿ ಎಕ್ಸ್‌ಪೋರ್ಟ್ ಬುಕ್‌ಮಾರ್ಕ್ಸ್ ಒತ್ತಿ ಎಚ್‌ಟಿಎಂಎಲ್ ಫೈಲನ್ನು ಪೆನ್‌ಡ್ರೈವ್‌ಗೆ ಉಳಿಸಿ. ಪಾಸ್‌ವರ್ಡ್‌ಗಳಿಗೆ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ತೆರೆದು, ಅದರ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ ಫೈಲ್ ಒತ್ತಿ. ವಿಂಡೋಸ್ ಪಿನ್ ಕೇಳಿದರೆ ಕೊಡಿ. ಸಿಗುವುದು ಸಿಎಸ್‌ವಿ ಫೈಲ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸೈಟಿನ ಹೆಸರು, ಯೂಸರ್ ನೇಮ್, ಪಾಸ್‌ವರ್ಡ್ ಸಾಲುಸಾಲಾಗಿ ಬಿಚ್ಚಿಟ್ಟಂತೆ ಕಾಣುತ್ತದೆ, ಯಾವ ಬೀಗವೂ ಇಲ್ಲ. ಅದನ್ನು ವಾಟ್ಸ್ಆಪ್‌ನಲ್ಲಿ, ಈಮೇಲ್‌ನಲ್ಲಿ ಕಳಿಸಬೇಡಿ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಂತೂ ಈ ಕೆಲಸವೇ ಬೇಡ. ಹೊಸ ಬ್ರೌಸರಿಗೆ ಇಂಪೋರ್ಟ್ ಮಾಡಿ, ಎರಡು ಮೂರು ಸೈಟುಗಳಿಗೆ ಲಾಗಿನ್ ಆಗಿ ನೋಡಿ, ಕೂಡಲೇ ಫೈಲ್ ಅಳಿಸಿ. ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ.

ಪಾಸ್‌ಕೀಗಳು (ಪಾಸ್‌ವರ್ಡ್ ಬದಲು ಬೆರಳಚ್ಚು, ಪಿನ್‌ನಿಂದ ಒಳಹೋಗುವ ಕೀಲಿಗಳು) ಈ ಫೈಲಿನಲ್ಲಿ ಬರುವುದಿಲ್ಲ. ಬೆರಳಚ್ಚಿನಿಂದ ಒಳಹೋಗುತ್ತಿದ್ದ ಸೈಟುಗಳಿಗೆ ಹೊಸದಾಗಿ ಪಾಸ್‌ಕೀ ಮಾಡಿಕೊಳ್ಳಬೇಕಾಗಬಹುದು. ಫೈರ್‌ಫಾಕ್ಸ್‌ಗೆ ಬಂದವರು ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ಪ್ರೈಮರಿ ಪಾಸ್‌ವರ್ಡ್ (ಉಳಿಸಿದ ಪಾಸ್‌ವರ್ಡ್‌ಗಳಿಗೆಲ್ಲ ಒಂದೇ ಬೀಗ) ಇಡಿ. ಇಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪ್ ಮುಂದೆ ಕುಳಿತ ಯಾರು ಬೇಕಾದರೂ ಎಲ್ಲ ಪಾಸ್‌ವರ್ಡ್ ನೋಡಬಹುದಾದ ಸಂದರ್ಭ ಬರುತ್ತದೆ.

ಬ್ರೌಸರ್ ಬದಲಿಸದಿದ್ದರೂ ತಲೆಕೆಡಿಸುವ ಬದಲಾವಣೆ ಒಂದು ಬಂದಿದೆ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' (.bank.in) ಎಂದು ಕೊನೆಯಾಗುವ ವಿಳಾಸಕ್ಕೆ ಹೋಗಬೇಕಿತ್ತು. ಬ್ರೌಸರ್ ಪಾಸ್‌ವರ್ಡ್ ತುಂಬುವುದು ವಿಳಾಸ ನೋಡಿ. ವಿಳಾಸ ಬದಲಾದರೆ ಪೆಟ್ಟಿಗೆ ಖಾಲಿಯೇ ಉಳಿಯುತ್ತದೆ. ಪಾಸ್‌ವರ್ಡ್ ಅಳಿಸಿಹೋಗಿದೆ ಎಂದು ಫರ್ಗಾಟ್ ಪಾಸ್‌ವರ್ಡ್ ಒತ್ತಬೇಡಿ. ಪಾಸ್‌ವರ್ಡ್ ಪಟ್ಟಿಯಲ್ಲಿ ಹಳೆಯ ವಿಳಾಸದ ಕೆಳಗೆ ಅದು ಹಾಗೇ ಇರುತ್ತದೆ. ಆದರೆ ತುಂಬದಿರುವುದು ಎಚ್ಚರಿಕೆಯೂ ಹೌದು, ಏಕೆಂದರೆ ನಕಲಿ ಸೈಟಿನಲ್ಲೂ ಹೀಗೇ ಆಗುತ್ತದೆ. ವಿಳಾಸಪಟ್ಟಿಯ ಮೇಲೆ ಒತ್ತಿ, ಶುರುವಿನ https:// ಬಿಟ್ಟು ಮೊದಲ ಓರೆಗೆರೆಗೆ (/) ಮುಂಚೆ ಇರುವ ಭಾಗ .bank.in ಎಂದೇ ಮುಗಿಯುತ್ತದೆಯೇ ಎಂದು ಅಕ್ಷರ ಅಕ್ಷರ ಓದಿ. ಸರಿಯಿದ್ದರೆ ಮಾತ್ರ ಕೈಯಾರೆ ತುಂಬಿ, ಹೊಸದಾಗಿ ಉಳಿಸಿ, ಹಳೆಯ ಬುಕ್‌ಮಾರ್ಕ್ ತೆಗೆದುಹಾಕಿ.

ಯಾವ ಸೈಟ್ ತೆರೆದರೂ "ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್" ಎಂದರೆ ಮೊದಲು ಕಂಪ್ಯೂಟರಿನ ತಾರೀಖು ನೋಡಿ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಸೆಲ್ ಇರುತ್ತದೆ, ಸಾಮಾನ್ಯವಾಗಿ ಸಿಆರ್2032. ಅದು ಸತ್ತರೆ ಪ್ಲಗ್ ತೆಗೆದಾಗೆಲ್ಲ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಸೈಟು ಅಸಲಿ ಎಂದು ತೋರಿಸುವ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲ ಎಂದು ಬ್ರೌಸರ್ ಲೆಕ್ಕ ಹಾಕುತ್ತದೆ. ಸೆಲ್ ಬದಲಿಸಿ ತಾರೀಖು ಸರಿಮಾಡಿ. ಪಹಣಿಯೋ ರಸೀದಿಯೋ ಪ್ರಿಂಟ್ ಒತ್ತಿದರೂ ಏನೂ ಬಾರದಿದ್ದರೆ ವಿಳಾಸಪಟ್ಟಿಯ ಬಲತುದಿಯಲ್ಲಿ ಪಾಪ್‌ಅಪ್ (ತಾನಾಗಿ ತೆರೆಯುವ ಹೊಸ ಕಿಟಕಿ) ತಡೆದ ಗುರುತು ಇದೆಯೇ ನೋಡಿ, ಆ ಸೈಟಿಗಷ್ಟೇ ಅಲೌ ಕೊಡಿ. "ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ" ಎಂದು ಯಾವುದೋ ಪುಟ ಹೇಳಿದರೆ ಒತ್ತಬೇಡಿ. ನಿಜವಾದ ಅಪ್‌ಡೇಟ್ ಮೊದಲು ಹೇಳಿದ ಅಬೌಟ್ ಪುಟದಲ್ಲೇ ಸಿಗುತ್ತದೆ.

ಹಿಸ್ಟರಿ ಅಳಿಸುವಾಗ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಪಾಸ್‌ವರ್ಡ್ಸ್ ಎದುರು ಟಿಕ್ ಇದ್ದರೆ ತೆಗೆಯಿರಿ. ಸಿಂಕ್ (ಒಂದೇ ಖಾತೆಯಿಂದ ಕಂಪ್ಯೂಟರ್, ಫೋನ್ ಎರಡರಲ್ಲೂ ಒಂದೇ ಮಾಹಿತಿ ಇರಿಸುವ ವ್ಯವಸ್ಥೆ) ಇದ್ದು ಆ ಟಿಕ್ ಉಳಿದರೆ ಫೋನಿನಲ್ಲಿರುವ ಪಾಸ್‌ವರ್ಡ್‌ಗಳೂ ಹೋಗುತ್ತವೆ. ಹಳೆಯ ಬ್ರೌಸರನ್ನು ಒಂದು ತಿಂಗಳಾದರೂ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ತೆರೆಯುವ ಆದಾಯ ತೆರಿಗೆ, ವಿಮೆಯಂಥ ಸೈಟುಗಳ ಲಾಗಿನ್ ಹೊಸದರಲ್ಲಿ ಸರಿಯಾಗಿ ಕೂತಿದೆಯೇ ನೋಡಿದ ಮೇಲೆ ಅನ್‌ಇನ್‌ಸ್ಟಾಲ್ ಮಾಡಿ.