ಹಳೆಯ ಪೋರ್ಟಲೆಡ್ಜ್ ಮೇಲೆ ಆರು ಗಂಟೆ ನಿದ್ದೆ: ನನ್ನ ಅನುಭವ

ಬಂಡೆಗೋಡೆಯ ಮೇಲಿನ ನಾಲ್ಕನೆಯ ರಾತ್ರಿ, ನೆಲದಿಂದ ಹೆಚ್ಚುಕಡಿಮೆ 400 ಮೀಟರ್ ಎತ್ತರದಲ್ಲಿ, ನಾನು ಆರು ಗಂಟೆ ಕಾಲ ಒಮ್ಮೆಯೂ ಎಚ್ಚರವಾಗದೆ ಮಲಗಿದೆ. ಬಿಗ್ ವಾಲ್ (ಹತ್ತಲು ದಿನಗಟ್ಟಲೆ ಹಿಡಿಯುವ ಬಂಡೆಗೋಡೆ) ಹತ್ತುವವರಿಗೆ ಇದು ಎಷ್ಟು ದೊಡ್ಡ ಮಾತೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದೂ ಎಲ್ಲರೂ ‘ಗುಜರಿಗೆ ಹಾಕು’ ಎಂದಿದ್ದ ಪೋರ್ಟಲೆಡ್ಜ್ ಮೇಲೆ (ಬಂಡೆಗೋಡೆಗೆ ತೂಗುಹಾಕಿ ಮಲಗುವ, ಕೊಳವೆ ಚೌಕಟ್ಟಿನ ಬಟ್ಟೆಯ ಮಂಚ; ನಮ್ಮ ಬಾಯಲ್ಲಿ ಬರೀ ಲೆಡ್ಜ್), ‘ಹೀಗೆ ಕಟ್ಟಿದರೆ ಮಗುಚಿಕೊಳ್ಳುತ್ತದೆ’ ಎಂದು ಎಚ್ಚರಿಸಿದ್ದ ರೀತಿಯಲ್ಲೇ ಕಟ್ಟಿಕೊಂಡು ಮಲಗಿದ್ದು.

ಮೊದಲು ಹಣದ ವಿಚಾರ. ಇಬ್ಬರು ಮಲಗುವ ಹೊಸ ಲೆಡ್ಜ್‌ಗೆ, ಫ್ಲೈ (ಮೇಲಿನಿಂದ ಮುಚ್ಚುವ ಗುಡಾರದಂಥ ಹೊದಿಕೆ) ಕೂಡ ಸೇರಿದರೆ, ತಗಲುವ ಹಣದಲ್ಲಿ ಬಂಡೆಯ ಬಿರುಕಿನಲ್ಲಿ ಕಚ್ಚಿಕೊಳ್ಳುವ ಕ್ಯಾಮ್‌ಗಳ ಒಂದು ಪೂರ್ತಿ ಸೆಟ್ ಕೊಳ್ಳಬಹುದು. ನನ್ನಲ್ಲಿ ಅಷ್ಟು ಇರಲಿಲ್ಲ. ಹೊಸದರ ಮೂರನೆಯ ಒಂದು ಪಾಲಿಗೆ ಹಳೆಯದೊಂದು ಸಿಕ್ಕಿತು. ಅಲ್ಯೂಮಿನಿಯಂ ಕೊಳವೆಗಳು ನೇರವಾಗಿಯೇ ಇದ್ದವು, ಆದರೆ ಹಾಸುಬಟ್ಟೆ ಜೋಲುಬಿದ್ದಿತ್ತು, ಕೊಳವೆಯೊಳಗಿನ ಎಲಾಸ್ಟಿಕ್ ಹಗ್ಗ ಸತ್ತುಹೋಗಿತ್ತು, ಫ್ಲೈನ ಹೊಲಿಗೆಗಳ ಮೇಲಿನ ಟೇಪು ಸಿಪ್ಪೆಯಂತೆ ಏಳುತ್ತಿತ್ತು. ಹಾಸಿನ ಅಂಚಿನ ಪಟ್ಟಿಗಳನ್ನು ಹೊಲಿಯಲು ಕೊಟ್ಟಾಗ, ಕೊಟ್ಟ ನೈಲಾನ್ ದಾರವನ್ನು ಬಿಟ್ಟು ಸಾಮಾನ್ಯ ಹತ್ತಿಯ ದಾರದಲ್ಲಿ ಹೊಲಿದುಕೊಟ್ಟರು; ಪುಣ್ಯಕ್ಕೆ ನಾನು ಮೊದಲು ಮೊಣಕಾಲೆತ್ತರಕ್ಕೆ ತೂಗುಹಾಕಿ ಅದರ ಮೇಲೆ ಕುಳಿತು ನೋಡುವವನಾದ್ದರಿಂದ, ಹೊಲಿಗೆ ಬಿಚ್ಚಿಕೊಂಡಾಗ ನೋವಾದದ್ದು ಬೆನ್ನಿನ ಕೆಳಭಾಗಕ್ಕೆ ಮಾತ್ರ. ಎರಡನೆಯ ಸಲ ಮತ್ತೆ ಹಣ ತೆತ್ತೆ. ಎಲ್ಲವನ್ನೂ ಕೂಡಿದರೆ ಹೊಸದರ ಅರ್ಧಕ್ಕಿಂತ ತುಸು ಹೆಚ್ಚೇ ಆಗಿರಬೇಕು. ಕಳೆದ ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿಯುವುದೂ ಇಲ್ಲ.

ಮೊದಲ ಆರೋಹಣದಲ್ಲಿ ಅದು ನನಗೂ ಜೊತೆಗಾರನಿಗೂ ಮಾಡಿದ ಅವಮಾನ ಸಣ್ಣದಲ್ಲ. ಎಲ್ಲವನ್ನೂ ಬಂಡೆಗೆ ಕಟ್ಟಿಹಾಕುವ ಆಂಕರ್ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಚೌಕಟ್ಟಿನ ಮೂರು ಮೂಲೆಗಳು ಕೂಡಿಕೊಂಡವು, ನಾಲ್ಕನೆಯದು ಎರಡು ಬೆರಳಿನಷ್ಟು ಅಂತರ ಬಿಟ್ಟು ನಿಂತಿತು. ಹೆಡ್‌ಲ್ಯಾಂಪ್ ಬೆಳಕಿನಲ್ಲಿ ನಾವಿಬ್ಬರೂ ಸೊಂಟಕ್ಕೆ ಬಿಗಿದ ಹಾರ್ನೆಸ್‌ನಲ್ಲಿ ತೂಗಾಡುತ್ತ ಒಂದೂವರೆ ಗಂಟೆ ಅದರೊಡನೆ ಗುದ್ದಾಡಿದೆವು. ಆ ಗಡಿಬಿಡಿಯಲ್ಲಿ ಕ್ಲಿಪ್ ಮಾಡದೆ ಇಟ್ಟಿದ್ದ ನನ್ನ ಬಲಗಾಲಿನ ನಡಿಗೆಯ ಬೂಟು ಕೆಳಗೆ ಹೋಯಿತು. ಸದ್ದು ಕೇಳಿಬರಲು ಹಿಡಿದ ಹೊತ್ತು ಇನ್ನೂ ನೆನಪಿದೆ. ಮೇಲಿನಿಂದ ಇಳಿದು ಬರುವ ದಾರಿಯನ್ನು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬಿಗಿಯಾದ ಕ್ಲೈಂಬಿಂಗ್ ಷೂ ಹಾಕಿಕೊಂಡು ಮುಗಿಸಿದೆ. ಈಗ ತೂಗುಪಟ್ಟಿಗಳ ಬಕಲ್‌ಗಳನ್ನೆಲ್ಲ ಪೂರ್ತಿ ಸಡಿಲಿಸಿ, ಗೋಡೆಯ ಕಡೆಯ ಉದ್ದ ಕೊಳವೆಯನ್ನು ಮೊದಲು ಕೂಡಿಸಿ, ಕೊನೆಯ ಮೂಲೆಯನ್ನು ಹೊರಗಡೆಗೆ ಉಳಿಸಿಕೊಂಡು, ಏಯ್ಡರ್‌ನಲ್ಲಿ (ಪಟ್ಟಿಯಿಂದ ಮಾಡಿದ ಏಣಿ) ನಿಂತು ಮೊಣಕಾಲಿನಿಂದ ನೂಕುತ್ತೇನೆ. ಹತ್ತು ನಿಮಿಷ ಸಾಕು. ಅದಕ್ಕಿಂತ ಮುಖ್ಯವಾಗಿ, ಬೆಳಕಿರುವಾಗಲೇ ಒಂದು ಪಿಚ್ (ಒಂದು ಹಗ್ಗದಳತೆಯ ದಾರಿ) ಕಡಿಮೆಯಾದರೂ ಸರಿ ಎಂದು ನಿಲ್ಲಿಸುತ್ತೇನೆ.

ನಿದ್ದೆ ಬಾರದಿರಲು ನಿಜವಾದ ಕಾರಣ ಮೂಲೆಯಲ್ಲ, ಹಾಸು. ಸಂಜೆ ಒಣಗಿದ್ದಾಗ ತಮಟೆಯಂತೆ ಬಿಗಿಯಾಗಿದ್ದ ಬಟ್ಟೆ ನಡುರಾತ್ರಿಯ ಹೊತ್ತಿಗೆ ಜೋಲಿಯಾಗಿಬಿಡುತ್ತಿತ್ತು. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ಫ್ಲೈ ಮುಚ್ಚಿದಾಗ ನಮ್ಮ ಉಸಿರಿನ ತೇವವೇ ಅದಕ್ಕೆ ಸಾಕಾಗುತ್ತಿತ್ತು. ಭುಜಗಳು ಒಳಮುಖವಾಗಿ ಒತ್ತಿಕೊಂಡು ಕೈ ಜೋಮು ಹಿಡಿಯುತ್ತಿತ್ತು. 1970ರಲ್ಲಿ ಆರೋಹಿಗಳಾದ ವಾರನ್ ಹಾರ್ಡಿಂಗ್ ಮತ್ತು ಡೀನ್ ಕಾಲ್ಡ್‌ವೆಲ್ ಅಮೆರಿಕದ ಯೋಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ಮೇಲೆ 27 ದಿನ ಇದ್ದಾಗ ಜೋಲಿಗಳಲ್ಲೇ ಮಲಗಿದ್ದರು ಎಂದು ಜೊತೆಗಾರ ನೆನಪಿಸಿದ. ಇರಬಹುದು, ಆದರೆ ಜೋಲಿಯಲ್ಲಿಯೇ ಮಲಗಬೇಕಾದರೆ ಹತ್ತು ಕಿಲೋ ತೂಕದ ಚೌಕಟ್ಟನ್ನು ಮೇಲಕ್ಕೆ ಎಳೆಯುವುದೇಕೆ? ಹಾಸಿನ ಒಂದು ಉದ್ದ ಅಂಚನ್ನು ಬಿಚ್ಚಿ, ಹಗ್ಗ ತೂರಿಸುವ ಐಲೆಟ್ ಬಳೆಗಳನ್ನು ಕೂರಿಸಿ, ಹಿಗ್ಗದ ತೆಳು ಹಗ್ಗದಿಂದ ಕೊಳವೆಗೆ ಹೆಣೆದೆ. ಈಗ ಮಲಗುವ ಮುನ್ನ ಒಂದು ಸಲ, ಫ್ಲೈ ಮುಚ್ಚಿ ಅರ್ಧ ಗಂಟೆಯಾದ ಮೇಲೆ ಇನ್ನೊಂದು ಸಲ ಎಳೆದು ಬಿಗಿಗೊಳಿಸುತ್ತೇನೆ. ಮೊದಲು ಹಗ್ಗವನ್ನು ಅಂಕುಡೊಂಕಾಗಿ ಹೆಣೆದಿದ್ದಾಗ ತುದಿಗಳು ಬಿಗಿದು ನಡುಭಾಗ ಸಡಿಲವೇ ಉಳಿಯುತ್ತಿತ್ತು. ಹೆಣೆಯುವ ಕ್ರಮವನ್ನು ಬದಲಿಸಿದ ಮೇಲೆ ಸರಿಹೋಯಿತು. ಆ ಕ್ರಮವನ್ನು ಕಂಡುಕೊಳ್ಳಲು ಮೂರು ಆರೋಹಣಗಳು ಹಿಡಿದವು, ಆದ್ದರಿಂದ ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಮಟ್ಟ ನೋಡಲು ಅರ್ಧ ತುಂಬಿದ ನೀರಿನ ಬಾಟಲಿಯನ್ನು ಹಾಸಿನ ಮೇಲೆ ಅಡ್ಡಲಾಗಿ ಮಲಗಿಸುತ್ತೇನೆ. ತಲೆಯಿಂದ ಕಾಲಿನವರೆಗೆ ಮಟ್ಟ ಸರಿಯಾಗಿರಬೇಕು, ಆದರೆ ಹೊರಅಂಚು ಒಳಅಂಚಿಗಿಂತ ಎರಡು ಬೆರಳು ಎತ್ತರವಿರಬೇಕು. ಹಾಗಿದ್ದರೆ ಮೈ ಗೋಡೆಯ ಕಡೆಗೆ ವಾಲುತ್ತದೆ, ನಿದ್ದೆಯಲ್ಲಿ ಉರುಳುವ ಭಯವಿರುವುದಿಲ್ಲ. ಹಾರ್ನೆಸ್ ಹೇಗೂ ಮೈಮೇಲೆ ಇದ್ದೇ ಇರುತ್ತದೆ, ಆಂಕರ್‌ಗೆ ಬಿಗಿದ ಹಗ್ಗವೂ. ನಾನು ಹೇಳುತ್ತಿರುವುದು ಮನಸ್ಸಿನ ಭಯವನ್ನು. ಒಳಗಡೆ ಮಲಗಿದವನು ಜಜ್ಜಿಹೋಗುತ್ತಾನೆ ಎಂಬ ದೂರು ಬಂತು. ಒಬ್ಬನ ತಲೆಯ ಕಡೆ ಇನ್ನೊಬ್ಬನ ಕಾಲು ಬರುವಂತೆ ಮಲಗಿದರೆ ಭುಜಕ್ಕೆ ಭುಜ ತಗಲುವುದಿಲ್ಲ. ಕಾಲ್ಚೀಲದ ವಾಸನೆಗೆ ನನ್ನಲ್ಲಿ ಪರಿಹಾರವಿಲ್ಲ.

ಎಲ್ಲರೂ ‘ಮಗುಚಿಕೊಳ್ಳುತ್ತದೆ’ ಎಂದು ತಲೆಯಾಡಿಸಿದ್ದು ಗಾಳಿಗೆ ಮಾಡಿಕೊಂಡ ಏರ್ಪಾಟಿಗೆ. ಗೋಡೆಯುದ್ದಕ್ಕೂ ಕೆಳಗಿನಿಂದ ಏರಿಬರುವ ಗಾಳಿ ಲೆಡ್ಜ್ ಅನ್ನು ಎತ್ತಿ ಎತ್ತಿ ಕುಕ್ಕುತ್ತದೆ. ಒಂದು ರಾತ್ರಿ ಪಟ್ಟಿಗಳು ಸಡಿಲಗೊಂಡು ಮತ್ತೆ ಬಿಗಿಯುವ ಒಂದೊಂದು ಹೊಡೆತಕ್ಕೂ ನಾವಿಬ್ಬರೂ ಎದ್ದು ಕುಳಿತಿದ್ದೆವು. 1986ರಲ್ಲಿ ಆರೋಹಿ ಜಾನ್ ಮಿಡೆನ್‌ಡಾರ್ಫ್ ಮತ್ತು ಇಬ್ಬರು ಸಂಗಡಿಗರು ಯೋಸೆಮಿಟಿಯದೇ ಆದ ಹಾಫ್ ಡೋಮ್ ಬಂಡೆಯ ದಕ್ಷಿಣ ಮುಖದಲ್ಲಿ ಬಿರುಗಾಳಿಗೆ ಸಿಕ್ಕಿ, ಲೆಡ್ಜ್‌ಗಳು ಕೈಕೊಟ್ಟು, ಕೊನೆಗೆ ರಕ್ಷಣಾ ತಂಡವೇ ಬರಬೇಕಾಯಿತು. ಮಿಡೆನ್‌ಡಾರ್ಫ್ ಮುಂದೆ ಬಲವಾದ ಲೆಡ್ಜ್‌ಗಳನ್ನು ತಯಾರಿಸುವುದನ್ನೇ ಕೆಲಸ ಮಾಡಿಕೊಂಡ. ಅಂಥ ಗಾಳಿಯನ್ನು ನಾನು ಕಂಡಿಲ್ಲ, ಕಾಣುವ ಆಸೆಯೂ ಇಲ್ಲ. ನಾನು ಮಾಡಿದ್ದು, ನೀರಿನ ಹಾಲ್ ಬ್ಯಾಗ್ (ಹಗ್ಗದಿಂದ ಮೇಲಕ್ಕೆಳೆಯುವ ಸಾಮಾನಿನ ಚೀಲ) ಅನ್ನು ಲೆಡ್ಜ್‌ನ ಕೆಳಗೆ ಭಾರವಾಗಿ ತೂಗುಬಿಡುವುದು. ಮೊದಲು ಹೊರಗಿನ ಎರಡು ಮೂಲೆಗಳಿಗೆ ಮಾತ್ರ ಕಟ್ಟಿದ್ದೆ. ಹೊರಅಂಚು ಕೆಳಗಿಳಿದು, ಒಳಅಂಚು ಮೇಲೆದ್ದು, ಜೊತೆಗಾರ ಕುಡಿಯುತ್ತಿದ್ದ ಬಿಸಿ ಸೂಪು ಅವನ ಸ್ಲೀಪಿಂಗ್ ಬ್ಯಾಗ್‌ನೊಳಗೆ ಹೋಯಿತು. ‘ಹೇಳಿರಲಿಲ್ಲವೇ’ ಎಂಬ ಮಾತನ್ನು ಆ ರಾತ್ರಿ ನಾಲ್ಕು ಸಲ ಕೇಳಿದೆ. ಮುಂದಿನ ಸಲ ಗೋಡೆಯ ಕಡೆಯ ಕೊಳವೆಯ ನಡುವಿನಿಂದ ಮೂರನೆಯ ಹಗ್ಗವನ್ನು ಇಳಿಬಿಟ್ಟು, ಮೂರನ್ನೂ ಕೆಳಗೆ ಒಂದೇ ಕ್ಯಾರಬಿನರ್ ಕೊಂಡಿಗೆ ಕೂಡಿಸಿ, ಸುಮಾರು 15 ಕಿಲೋ ಭಾರ ಹಾಕಿದೆ. ಬ್ಯಾಗ್ ಪ್ರತ್ಯೇಕ ಹಗ್ಗದಿಂದ ಮುಖ್ಯ ಆಂಕರ್‌ಗೂ ಕಟ್ಟಿರುತ್ತದೆ; ಅದನ್ನು ಬಿಟ್ಟು ಮಾಡುವವರು ನನ್ನ ಹೆಸರು ಹೇಳಬಾರದು. ಆಮೇಲೆ ಗಾಳಿ ಬಂದರೆ ಫ್ಲೈ ಬಡಿಯುತ್ತದೆ, ಲೆಡ್ಜ್ ಏಳುವುದಿಲ್ಲ.

ನಡುವೆ ಕೆಲವು ಪ್ರಯೋಗಗಳೂ ನಡೆದವು. ಟೆನಿಸ್ ಚೆಂಡುಗಳನ್ನು ಸೀಳಿ ಗೋಡೆಯ ಕಡೆಯ ಮೂಲೆಗಳಿಗೆ ತೊಡಿಸಿದೆ. ಬಂಡೆಗೆ ಲೋಹ ಉಜ್ಜುವ ಕಿರಿಕಿರಿ ನಿಂತಿತು, ಬಟ್ಟೆಯ ಸವೆತವೂ ಕಡಿಮೆಯಾಯಿತು. ಗಾಳಿ ತುಂಬುವ ಹಾಸಿಗೆ ಜಾರುತ್ತದೆ, ತೂತೂ ಬೀಳುತ್ತದೆ. ಫೋಮ್ ಚಾಪೆಯೇ ಮೇಲು. ಫ್ಲೈ ಒಳಗಿನ ಹನಿಗಳನ್ನು ಒರೆಸಲು ದಾರ ಕಟ್ಟಿದ ಸ್ಪಂಜು ಸಾಕು. ಫ್ಲೈ ಪೂರ್ತಿ ಮುಚ್ಚಿ ತೂಗುವ ಸ್ಟೋವ್ ಹಚ್ಚಿ ಒಳಗನ್ನು ಒಣಗಿಸಲು ನೋಡಿದ್ದು ಮಾತ್ರ ಶುದ್ಧ ಮೂರ್ಖತನ: ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಉರಿಯಿಂದ ಹೊರಡುವ ಆವಿ ತೇವವನ್ನು ಹೆಚ್ಚಿಸುತ್ತದೆ. ತಲೆನೋವು ಶುರುವಾದ ಕೂಡಲೇ ಬಾಗಿಲು ತೆರೆದೆವು.

ಮಗುಚಿಕೊಳ್ಳುತ್ತದೆ ಎಂದಿದ್ದ ಹಿರಿಯರೊಬ್ಬರು ಕಳೆದ ತಿಂಗಳು ನನ್ನ ಲೆಡ್ಜ್ ಅನ್ನು ತಿರುಗಿಸಿ ಮುರುಗಿಸಿ ನೋಡಿ, ಭಾರದ ಹಗ್ಗಗಳ ಅಳತೆ ಕೇಳಿದರು. ಹೊರಗಿನ ಎರಡರ ಅಳತೆ ಕೊಟ್ಟಿದ್ದೇನೆ, ಮೂರನೆಯದನ್ನು ಇನ್ನೂ ಕೊಟ್ಟಿಲ್ಲ.